ಹೆಚ್ಚಾದ ಪುಟ

ಚೌಡಾಪುರ
ಗುರುವಾರ, ೧೨ ಡಿಸೆಂಬರ್ ೨೦೨೪

ಪ್ರೀತಿಯ ಸಂಜು ಅಣ್ಣಾ,

ಆಳಂದದಲ್ಲಿ ಚಳಿ ಹೇಗಿದೆ? ನಿನ್ನ ಶೀತದ ಮೂಗು ಈ ವರ್ಷವಾದರೂ ಸುಮ್ಮನಿದೆಯೇ? ಅವ್ವನ ಮೊಣಕಾಲು ನೋವು ಹಾಗೇ ಇದೆ. ಅಪ್ಪ ಆರಾಮಾಗಿದ್ದಾರೆ, ಅಂದರೆ ಯಾರ ಜೊತೆಗೂ ಮಾತಾಡುವುದಿಲ್ಲ. ಫೋನ್ ಎತ್ತದವನು ಪತ್ರವನ್ನಾದರೂ ಒಡೆದಾನು ಎಂದು ಬರೆಯುತ್ತಿದ್ದೇನೆ.

ನೀನು ಹೋದ ಮೇಲೆ ನಮ್ಮ ಯಾತ್ರಿಕರ ಕೋಣೆಗಳ ವೆಬ್‌ಸೈಟ್ ನನ್ನ ತಲೆ ಮೇಲೆ ಬಿತ್ತು. ನೀನು ಬರೆದ ಪಿಎಚ್‌ಪಿ ಕೋಡ್ ನನಗೆ ಅರ್ಧ ತಿಳಿಯುತ್ತದೆ, ಇನ್ನರ್ಧಕ್ಕೆ ನಿನ್ನನ್ನು ಬೈಯುತ್ತೇನೆ. ಏನಾದರೂ ಕೆಟ್ಟರೆ ಅದು ಬಿಳಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ, ಯಾವ ಫೈಲು, ಎಷ್ಟನೇ ಸಾಲು ಎಂದು ಊರಿಗೆಲ್ಲ ಸಾರುತ್ತಿತ್ತು. ನೀನು ಮನೆ ಬಿಟ್ಟ ಆ ಅಮಾವಾಸ್ಯೆಯಂದೂ ಹಾಗೇ ಕೆಟ್ಟು, ಒಂದೇ ಕೋಣೆ ಎರಡು ಕುಟುಂಬಕ್ಕೆ ಹೋಗಿ, ಎರಡೂ ಕಡೆಯವರು ಗಂಟುಮೂಟೆ ಸಮೇತ ಬಾಗಿಲಿಗೆ ಬಂದು ನಿಂತರು. ಅವರೆದುರಿಗೇ ಅಪ್ಪ ನಿನಗೆ "ನನ್ನ ಪಾಲಿಗಿ ನೀ ಇಲ್ಲ" ಅಂದರು. ನೀನು ಆ ಮಾತನ್ನೇ ಹಿಡಿದು ಹೊರಟೆ. ಮರುದಿನ ಅಪ್ಪ ನಿನ್ನ ಫೋಟೋ, ಪರಿಚಯ ಇದ್ದ ಪುಟವನ್ನು ನನ್ನ ಕೈಯಿಂದಲೇ ಅಳಿಸಿ ಹಾಕಿಸಿದರು. ಆವತ್ತು ನಾನು ಊಟ ಮಾಡಲಿಲ್ಲ, ಅಣ್ಣಾ.

ಈಗ ಯಾರಾದರೂ ಇಲ್ಲದ ಪುಟ ಕೇಳಿದರೆ ತೋರಿಸಲು ನಾನೇ ಒಂದು ಪುಟ ಮಾಡಿದ್ದೇನೆ. ಮೊದಲು "ನೀವು ಕೇಳಿದ ಪುಟ ಇಲ್ಲ" ಎಂದು ಬರೆದಿದ್ದೆ. ಅವ್ವ ಓದಿಸಿಕೊಂಡು, "ಬಾಗಿಲಿಗಿ ಬಂದವ್ರಿಗಿ ಇಲ್ಲ ಅನಬಾರ್ದು ಬೇ" ಅಂದಳು. ನಿನಗೆ ಗೊತ್ತಲ್ಲ, ಡಬ್ಬಿಯ ತಳ ಕಂಡರೂ ಅವಳು ಅಕ್ಕಿ ಮುಗಿದಿದೆ ಅನ್ನುವುದಿಲ್ಲ, ಅನ್ನುವುದು "ಹೆಚ್ಚಾಗ್ಯದ". ಸರಿ, "ಈ ಪುಟ ಹೆಚ್ಚಾಗ್ಯದ್ರಿ, ಕೋಣಿ ಬೇಕಂದ್ರ ಇಲ್ಲಿ ಒತ್ತರಿ" ಎಂದು ಹಾಕಿದೆ. ಮಂಡ್ಯದ ಕಡೆಯವರೊಬ್ಬರು ಫೋನ್ ಮಾಡಿ, ಹೆಚ್ಚಾದ ಕೋಣೆಗಳು ಎಷ್ಟು, ಮಹಡಿ ಕಟ್ಟಿಸಿದಿರಾ ಎಂದು ಕೇಳಿದರು. ಬಹಳ ನಕ್ಕೆ. ಆಮೇಲೆ ಜೊತೆಗೆ ನಗಲು ಯಾರೂ ಇಲ್ಲವೆಂದು ಅಳು ಬಂತು. ಈಗ ಮನೆಯಲ್ಲಿ ಮೂವರೂ ಬೇರೆ ಬೇರೆ ಹೊತ್ತಿಗೆ ಉಣ್ಣುತ್ತೇವೆ.

ಯಾರು ಯಾವ ಸಿಗದ ಪುಟ ಕೇಳಿದರು ಎಂಬುದು ಸರ್ವರಿನಲ್ಲಿ ದಾಖಲಾಗುತ್ತದೆ. ಏಳು ವಾರದಿಂದ ಪ್ರತಿ ಗುರುವಾರ ಬೆಳಿಗ್ಗೆ ಯಾರೋ ನಿನ್ನ ಅಳಿಸಿದ ಪುಟವನ್ನೇ ಕೇಳುತ್ತಿದ್ದಾರೆ. ನೀನಲ್ಲದೆ ಇನ್ಯಾರು? ಹೀಗೆ ಹೊರಗಿನಿಂದ ಕದ ತಟ್ಟಿ ಹೋಗುವ ಬದಲು ಒಂದು ಸಲ ಮನೆಗೇ ಬಾ. ಅಫಜಲಪುರದ ಬಸ್ಸು ಈಗಲೂ ನಮ್ಮ ಬಾಗಿಲ ಮುಂದೇ ನಿಲ್ಲುತ್ತದೆ.

ಅವ್ವ ನಿನ್ನ ತಲೆ ಸವರಿದ್ದೇನೆಂದು ಬರೆ ಅಂದಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ,
ಶಾಂಭವಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಪೂಜೆ ಮುಗಿಸಿ ಬಂದು ತಮ್ಮ ಫೋನನ್ನು ನನ್ನ ಕೈಗಿಟ್ಟರು. ಅದರಲ್ಲಿ ನಿನ್ನ ಅಳಿಸಿದ ಪುಟದ ವಿಳಾಸವೇ ತೆರೆದಿತ್ತು. ಗುರುವಾರದಂದು ಬರುತ್ತಿದ್ದದ್ದು ನೀನಲ್ಲ, ಅಣ್ಣಾ. ನನ್ನ ಮುಖ ನೋಡದೆ ಕೇಳಿದರು: "ಯಾವಾಗ ನೋಡಿದ್ರೂ ಹೆಚ್ಚಾಗ್ಯದ ಅಂತನೇ ಬರಾಕತ್ತದ. ಅಕ್ಕಿ ಹೆಚ್ಚಾದ್ರ ಹೋಗಿ ತರ್ತೇವಲ್ಲ ಬೇ. ನಮ್ಮ ಸಂಜೂನ್ನ ತರಾಕ ಯಾರು ಹೋಗ್ಬೇಕು?"