ಎರಡು ಚೌಕ ಸಮಾಧಿ

೧೫ ಡಿಸೆಂಬರ್ ೧೯೯೬, ಭಾನುವಾರ
ಡೊಂಬಿವಲಿ

ಮುತ್ತಜ್ಜನ ಸಮಾಧಿ ಯಾವುದು ಎಂಬುದೇ ತಲೆ ಕೊರೆಯುತ್ತಿದೆ. ಗುಲ್ಬರ್ಗದಿಂದ ಇಲ್ಲಿಗೆ ರೈಲು ಹಳಿ ಕೆಲಸಕ್ಕೆ ಬಂದವನು. ಬ್ರಿಟಿಷರ ಕಾಲದ ದಾಖಲೆಯಲ್ಲಿ ಸಿಕ್ಕಿದ್ದು ಒಂದೇ ಸಾಲು: ಸಂಗಪ್ಪ, ಕೂಲಿ, ಪ್ಲೇಗಿನಿಂದ ಸಾವು, ಕಲ್ಯಾಣದಲ್ಲಿ ಮಣ್ಣು.

ಎಷ್ಟೋ ಭಾನುವಾರ ಪಕ್ಕದೂರು ಕಲ್ಯಾಣದ ಆ ಸ್ಮಶಾನದಲ್ಲಿ ಉದ್ದದ ಗೋರಿಗಳನ್ನೇ ನೋಡುತ್ತ ಅಲೆದೆ. ನಮ್ಮಲ್ಲಿ ಕೂರಿಸಿ ಹೂಳುತ್ತಾರೆ, ಸಮಾಧಿ ಚೌಕವಾಗಿರುತ್ತದೆ ಎಂಬುದು ಇಲ್ಲೇ ಹುಟ್ಟಿದ ನನಗೆ ಹೊಳೆಯಲೇ ಇಲ್ಲ. ಇಂದು ಜೊತೆಗೆ ಬಂದ ಅವ್ವ ಅದನ್ನು ಹೇಳಿದಳು. ಪೊದೆಯ ಹಿಂದೆ ಕಲ್ಲು ಜೋಡಿಸಿದ ಚೌಕ ಸಮಾಧಿ ಕಂಡಿತು. ಒಂದಲ್ಲ, ಎರಡು. ಹೆಸರಿಲ್ಲ.

"ಯಾವ್ದು ಅವ್ವಾ?"

"ಯಾವ್ದರೆ ಇರ್ಲಿ. ಇನ್ನೊಬ್ಬಂವನ್ನ ಹುಡುಕ್ಕೊಂಡು ಯಾರೂ ಬಂದಿಲ್ಲಲ್ಲೋ" ಎನ್ನುತ್ತ ಎರಡಕ್ಕೂ ವಿಭೂತಿ ಹಚ್ಚಿದಳು.

ಹೊರಡುವಾಗ 'ಅಜ್ಜಾ' ಎಂದು ಕರೆಯಬೇಕೆನಿಸಿತು. ಯಾವ ಕಡೆ ತಿರುಗಲಿ ಎಂದು ತಿಳಿಯದೆ ಸುಮ್ಮನೆ ಬಂದುಬಿಟ್ಟೆ. ಕರೆಯಬೇಕಿತ್ತು. ಇಬ್ಬರೂ ಓಗೊಡುತ್ತಿದ್ದರೇನೋ...