ಹಳದಿ ಕ್ಯಾಸೆಟ್, ಪಾಲಕರ ಸಹಿ

೩ ಜೂನ್ ೨೦೨೫, ಕುಷಾಯಿಗೂಡ. ಬೆಳಿಗ್ಗೆ ೭

"ನಾನು, ವಿಜಯಶ್ರೀ ಸಿದ್ದರಾಮಪ್ಪ ಮುದಗಲ್ಲ, ಕನ್ನಡ ಮಾಧ್ಯಮ ಪ್ರೌಢಶಾಲೆಯ ನಿವೃತ್ತ ಗಣಿತ ಶಿಕ್ಷಕಿ, ಸೇವಾವಧಿ ಮೂವತ್ತಮೂರು ವರ್ಷ ನಾಲ್ಕು ತಿಂಗಳು..."

ಪತ್ರವನ್ನು ಇಷ್ಟು ಬರೆಯುವಷ್ಟರಲ್ಲಿ ಮೊಮ್ಮಗಳು ಶುಭಾ ನಕ್ಕಳು. "ಗೇಮ್ ಅಂಗಡಿಗೆ ಇಷ್ಟೆಲ್ಲಾ ಯಾಕಜ್ಜಿ? ಹೋಗಿ ಕೇಳೂಣು ನಡೀರಿ."

ಹತ್ತನೆಯ ತರಗತಿ ಪಾಸಾದರೆ ಕೇಳಿದ್ದು ಕೊಡಿಸುವೆನೆಂದು ಮಾತು ಕೊಟ್ಟವಳು ನಾನೇ. ಅವಳಿಗೆ ಗೇಮಿಂಗ್ ಕಂಪ್ಯೂಟರ್ ಬೇಕು. ಟಿವಿಗೆ ಜೋಡಿಸುವ ಕನ್ಸೋಲ್ ಸಾಕೆಂದು ಅವಳ ತಾಯಿ ಶೀತಲಳ ವಾದ. ತೀರ್ಪು ನನ್ನದು. ಹಾಳೆಯಲ್ಲಿ ಎರಡು ಅಂಕಣ ಗೆರೆ ಹಾಕಿಟ್ಟಿದ್ದೇನೆ.

೪ ಜೂನ್. ಸಂಜೆ

ಬಾಲಾನಗರದ ಅಂಗಡಿ. ಮಾಲೀಕ ಥಟ್ಟನೆ ಎದ್ದು ನಿಂತ. ಶರಣಕುಮಾರ! ೧೯೯೮ರ ಎಂಟನೆಯ ತರಗತಿ, ಮೂರನೆಯ ಬೆಂಚು.

"ಕನ್ಸೋಲ್ ಅಂದ್ರ ಟಿವಿಗೆ ಜೋಡಿಸೂದು, ಆಡೂದು. ಎರಡು ರಿಮೋಟ್, ಇಬ್ರು ಬಾಜೂಕ ಕುಂತು ಆಡಬಹುದು. ಕಂಪ್ಯೂಟರ್‌ನ್ಯಾಗ ಆಟಾನೂ ಆತು, ಓದೂನೂ ಆತು. ಪಾರ್ಟ್ ಬದಲಿಸಿ ಬೆಳಸ್ಕೋತ ಹೋಗಬಹುದು. ಆದ್ರ ಕುರ್ಚಿ ಒಂದ, ಒಬ್ರ ಆಡೂದು ನೋಡ್ರಿ ಟೀಚರ್."

ಕ್ರಮಬದ್ಧ ಉತ್ತರ. ಬರೆದುಕೊಂಡೆ.

ಶುಭಾಳತ್ತ ತಿರುಗಿ ಕಣ್ಣು ಮಿಟುಕಿಸಿದ. "ನಮ್ಮ ಕಾಲಕ್ಕ ಟಿವಿ ಗೇಮಿಗೆ ಹಳದಿ ಕ್ಯಾಸೆಟ್ ಚುಚ್ಚಿದ್ರ ಆಟ ಸುರು. ಕ್ಲಾಸಿನ್ಯಾಗ ಕಸ್ಕೊಂಡ ನಂದು ಇನ್ನೂ ನಿಮ್ಮಜ್ಜಿ ಕಪಾಟಿನ್ಯಾಗ ಐತಿ!"

"ನಿಮ್ಮಪ್ಪ ಬಂದು ರಿಜಿಸ್ಟರ್‌ನ್ಯಾಗ ಸಹಿ ಮಾಡಿದ್ರ ಅವತ್ತ ಕೊಡ್ತಿದ್ದೆ. ಬರಲೇ ಇಲ್ಲಲ್ಲ?" ಎಂದೆ.

"ಬಂದಿದ್ರು ಟೀಚರ್. ಪಟಾನ್‌ಚೆರು ಫ್ಯಾಕ್ಟರಿಗೆ ರಜಾ ಹಾಕಿ, ಸಾಲಿ ಗೇಟಿನ ತನಕ. ಸಹಿ ಬರ್ತಿದ್ದಿಲ್ಲ ಅವರಿಗೆ. ಟೀಚರ್ ಮುಂದ ಹೆಬ್ಬೆಟ್ಟು ಹೆಂಗ ಒತ್ತಲಿ ಅಂತ ಹೊಳ್ಳಿ ಹೋದ್ರು."

ಆಟೋದಲ್ಲಿ ಅಂಕಣದ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದೆ.

೫ ಜೂನ್

ಕಪಾಟು ತೆಗೆದೆ. ಮಕ್ಕಳಿಂದ ಕಸಿದಿಟ್ಟ ವಸ್ತುಗಳ ರಿಜಿಸ್ಟರು, ಪುಟ ೧೪. ಪಾಲಕರ ಸಹಿ — ಖಾಲಿ.

ಯಾರಿಗೂ ಹೇಳದ ಮಾತು. ಕ್ಯಾಸೆಟ್ ಕಸಿದ ಆ ವಾರ ನಮ್ಮ ಯಜಮಾನರು ಪಕ್ಕದ ಮನೆಯಿಂದ ಟಿವಿ ಗೇಮ್ ಕೇಳಿ ತಂದಿದ್ದರು. "ವಿಜೂ, ಆ ಹುಡುಗನ ಕ್ಯಾಸೆಟ್ ಒಂದ ಸಲ ಹಾಕಿ ನೋಡೂಣು." ಚಾಪೆಯ ಮೇಲೆ ಮೊಣಕೈಗೆ ಮೊಣಕೈ ತಾಗಿಸಿ ಕುಳಿತೆವು. ಮೂರು ಸಲ ಸೋತೆ. "ಟೀಚರ್ ಫೇಲ್!" ಎಂದು ಚಪ್ಪಾಳೆ ತಟ್ಟಿದರು. ಅವರು ಹೋಗಿ ಒಂಬತ್ತು ವರ್ಷ. ಆ ನಗು ಮಾತ್ರ ಕ್ಯಾಸೆಟ್ಟು ಮುಟ್ಟಿದೊಡನೆ ಕೇಳಿಸಿತು.

ಅತ್ತ ಒಬ್ಬ ತಂದೆ ಶಾಲೆಯ ಗೇಟಿನಿಂದ ಹಿಂದಿರುಗಿದ್ದ.

೧೧ ಜೂನ್. ಮಧ್ಯಾಹ್ನ

ಐದು ದಿನ ಪೆನ್ನು ಹಿಡಿಯಲಾಗಲಿಲ್ಲ.

ಶುಭಾಳಿಗೆ ಎಲ್ಲವನ್ನೂ ಹೇಳಿದೆ. ನನ್ನ ಎರಡು ಅಂಕಣದ ಹಾಳೆಯಲ್ಲಿ ಕಂಪ್ಯೂಟರಿಗೇ ಎರಡು ಅಂಕ ಹೆಚ್ಚು. ಅವಳು ಹಾಳೆಯನ್ನು ನೋಡಲೂ ಇಲ್ಲ. "ಕನ್ಸೋಲ್ ತರೂಣಜ್ಜಿ. ನೀವು ಸೋಲೂದು ನಾ ನೋಡಬೇಕು."

ಶರಣಕುಮಾರನ ತಂದೆ ಸಂಗಣ್ಣನವರು ಇನ್ನೂ ಇದ್ದಾರೆ. ಅಂಗಡಿಯ ಮೇಲೆಯೇ ಮನೆ. ನಾಳೆ ಹೋಗುತ್ತೇನೆ. ಅವರಿಗೆ ಕ್ಷಮೆ ಕೇಳುವ ಪತ್ರ ಬರೆದು ಮುಗಿಯಿತು; ಮಗನೇ ಓದಿ ಹೇಳಲಿ. ಈ ಸಲ ಸೇವಾವಧಿ ಬರೆಯಲಿಲ್ಲ.

ಲಗತ್ತುಗಳು:
೧. ಕ್ಯಾಸೆಟ್, ಹಳದಿ — ಒಂದು.
೨. ರಿಜಿಸ್ಟರಿನ ಪುಟ ೧೪. ಶಿಕ್ಷಕಿಯ ಸಹಿ ಹೊಡೆದುಹಾಕಿದೆ. ಅದರ ಕೆಳಗೆ ನನ್ನ ಎಡಗೈ ಹೆಬ್ಬೆಟ್ಟು — ಒಂದು.