ಫೋಟೊದ ಇನ್ನರ್ಧ

ಗುರುವಾರ, ಮಾರ್ಚ್ ೧೨

ಮುದ್ದಿನ ದೊಡ್ಡೋಳಿಗೆ,

ಅಮ್ಮನ ಕಾಗದ ಬಂತಲ್ಲ ಅಂತ ಗಾಬರಿ ಆಗಬೇಡ, ನಾನು ಗಟ್ಟಿಯಾಗೇ ಇದೀನಿ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೀಲಿಲ್ಲ ಅಂತ ಮುನಿಸ್ಕೋಬೇಡ. ನಿಮ್ಮಪ್ಪ ಹೋಗಿ ಇಪ್ಪತ್ತು ದಿನ ಆಯ್ತು, ಬಂದುಹೋಗೋರನ್ನ ಮಾತಾಡಿಸೋದರಲ್ಲೇ ಹೊತ್ತು ಹೋಗುತ್ತೆ. ಫೋನಿನಲ್ಲಿ ಹೇಳೋಣ ಅಂದ್ರೆ ನಾನು ಅಳ್ತೀನಿ, ನೀನು ಸಮಾಧಾನ ಮಾಡ್ತೀಯ, ವಿಷಯ ಅಲ್ಲೇ ಉಳಿಯುತ್ತೆ.

ವಿಷಯ ಇದು. ಬರೋ ಭಾನುವಾರ ಬಿಟ್ಟು ಅದರಾಚೆ ಭಾನುವಾರ ಮಾಜಿ ಸೈನಿಕರ ಸಂಘದ ಹಾಲ್‌ನಲ್ಲಿ ನಿಮ್ಮಪ್ಪನ ಫೋಟೊ ಹಾಕ್ತಾರೆ. ನಿನ್ನ ತಮ್ಮ ಭಾಷಣ ಬರೆದು ನನಗೆ ಓದಿ ತೋರಿಸಿದ. ಅದರಲ್ಲಿ ನಿಮ್ಮಪ್ಪ ಬಂದೂಕು ಹಿಡ್ಕೊಂಡು ಗುಡ್ಡ ಹತ್ತಿ ಏಳು ಜನರನ್ನ ಉರುಳಿಸಿದ್ದಾರೆ! ಹೋದ ವರ್ಷ ಮೂರೇ ಜನ ಇದ್ರು. ಸಾಲದ್ದಕ್ಕೆ, ಫೋಟೊದಲ್ಲಿ ಅವರ ಎಡಗೈಲಿ ಒಂದು ಮೋಟು ಹಗ್ಗ ಇದೆಯಲ್ಲ, ಸ್ಟುಡಿಯೊದವನು ಕಂಪ್ಯೂಟರಿನಲ್ಲಿ ಅದನ್ನ ಅಳಿಸಿ ಬಂದೂಕು ಕೂರಿಸಿಕೊಡ್ತಾನಂತೆ. ನಿನ್ನ ಹತ್ತಿರ ಇರೋ ಆ ಫೋಟೊನ ಕಳಿಸು ಅಂತ ತಮ್ಮ ಕೇಳ್ತಾನೆ. ಕಳಿಸಬೇಡ.

ಪಾಪ, ಅವನದೇನೂ ತಪ್ಪಿಲ್ಲ. ಅವನಿಗೆ ಬುದ್ಧಿ ತಿಳಿಯೋ ಹೊತ್ತಿಗೆ ನಮ್ಮನೇಲಿ ಬಂದೂಕಿನ ಕತೆಯೇ ನಿಜ ಆಗಿಹೋಗಿತ್ತು. ನಿಮ್ಮಪ್ಪ ಮಿಲಿಟ್ರೀಲಿ ಹೇಸರಗತ್ತೆ ನಡೆಸ್ತಿದ್ರು ಅನ್ನೋದು ಇಷ್ಟು ದಿನ ಮನೇಲಿ ನಿನಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಅಷ್ಟೇ.

ಹದಿನೇಳು ವರ್ಷ ಅದೇ ಕೆಲಸ. ಗುಂಡು ಹಾರೋ ಕಡೆಗೆ ನೀರು, ಊಟ ಹೇರಿಕೊಂಡು ಹತ್ತೋದು, ಗಾಯ ಆದವರನ್ನ ಹೊರಿಸಿ ಇಳಿಸೋದು. ಅದರ ಬೆನ್ನಿನ ಆಚೆಗೊಬ್ಬ, ಈಚೆಗೊಬ್ಬ. ಒಬ್ಬ ತೆಳ್ಳಗಿದ್ರೆ ಅವನ ಕಡೆ ಕಲ್ಲು ಕಟ್ಟೋರಂತೆ, ಇಲ್ಲದಿದ್ರೆ ಪ್ರಾಣಿಯ ಬೆನ್ನು ಹುಣ್ಣಾಗುತ್ತೆ ಅಂತ. ಮಾರ್ಕೆಟ್ಟಿಂದ ಬರುವಾಗ ನಡುರಸ್ತೇಲಿ ನಿಂತು ಈ ಚೀಲದ ಈರುಳ್ಳಿನ ಆ ಚೀಲಕ್ಕೆ ಹಾಕ್ತಿದ್ರಲ್ಲ, ನಾವು ಬಿದ್ದು ಬಿದ್ದು ನಗ್ತಿದ್ವಲ್ಲ, ಅದು ಅಲ್ಲಿಂದ ಬಂದ ಅಭ್ಯಾಸ. ನಿನ್ನ ಸ್ಕೂಲ್ ಬ್ಯಾಗಿನ ಪಟ್ಟಿ ಎರಡೂ ಕಡೆ ಎಳೆದು ನೋಡದೆ ಒಂದು ದಿನವಾದ್ರೂ ನಿನ್ನನ್ನ ಕಳಿಸಿದ್ರಾ ಹೇಳು.

ಆ ಹೇಸರಗತ್ತೆಗೆ ಅವರಿಟ್ಟ ಹೆಸರು 'ಮೇಡಮ್ಮು'. "ಬನ್ನಿ ಮೇಡಮ್ಮು, ಇನ್ನೊಂದೇ ತಿರುವು" ಅಂತ ಪುಸಲಾಯಿಸಿ ಹತ್ತಿಸೋರಂತೆ. ಕಟ್ಟಿಕೊಂಡ ನನಗೆ 'ಏಯ್', ಕತ್ತೆಗೆ ಬಹುವಚನ!

ನಿನ್ನೆ ತಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಮುಖ ಇಷ್ಟೇ ಇಷ್ಟು ಮಾಡಿಕೊಂಡ. "ಈಗ್ಯಾಕಮ್ಮ ಇದೆಲ್ಲ? ತುಂಬಿದ ಸಭೇಲಿ ಜನ ನಗ್ತಾರೆ" ಅಂದ. ನಗಲಿ ಅಂದೆ. ಸಂಘದ ಕಾರ್ಯದರ್ಶಿ ಹತ್ತಿರಾನೂ ಹೋಗಿ ಬಂದೆ. ಅವರದು ಒಂದು ಕಾಲು ಕುಂಟು. ಆ ಕಾಲನ್ನ ನೀವಿಕೊಳ್ತಾ, "ನನ್ನ ಹೊತ್ತು ಇಳಿಸಿದ್ದೂ ಅಂಥದ್ದೇ ಒಂದು ಹೇಸರಗತ್ತೆ ಕಣಮ್ಮ, ನೀವೇ ಮಾತಾಡಿ" ಅಂದ್ರು. ಮಾತಾಡೋಳು ನಾನೇ. ತಮ್ಮ ಎರಡು ದಿನ ಊದಿಕೊಂಡಿರ್ತಾನೆ, ಆಮೇಲೆ ಅವನೇ ಬಂದು ಕುರ್ಚಿ ಹಾಕಿಕೊಡ್ತಾನೆ ನೋಡ್ತಿರು.

ಲಕೋಟೇಲಿ ಒಂದು ಚೂರು ಫೋಟೊ ಇಟ್ಟಿದ್ದೀನಿ. ಆ ಮೋಟು ಹಗ್ಗದ ಇನ್ನೊಂದು ತುದಿ ಅದರಲ್ಲಿದೆ. ಎರಡನ್ನೂ ಸೇರಿಸಿ ನಿಮ್ಮೂರಲ್ಲೇ ದೊಡ್ಡದು ಮಾಡಿಸಿಕೊಂಡು ಬಾ. ನಡುವಿನ ಗೀಟು ಕಂಡ್ರೆ ಕಾಣಲಿ, ಅಳಿಸೋದು ಬೇಡ ಅಂತ ಹೇಳು.

ಅಳಿಯಂದಿರನ್ನ ಕೇಳಿದೆ ಅನ್ನು. ನೀನು, ನಿನ್ನ ಮಕ್ಕಳು ಹೊತ್ತ ಭಾರ ಯಾವತ್ತೂ ಒಂದೇ ಕಡೆಗೆ ವಾಲದೆ ಇರಲಿ.

ಇಂತಿ ನಿನ್ನ
ಅಮ್ಮ

ಮ.ವಿ.: ಬರೆಯೋದು ಮರೆತೆ ಅಂದ್ರೆ ಸುಳ್ಳಾಗುತ್ತೆ, ಧೈರ್ಯ ಇರಲಿಲ್ಲ. ಫೋಟೊದ ಆ ಅರ್ಧನ ಗೆದ್ದಲು ತಿಂತು ಅಂತ ನಿನಗೆ ಹೇಳಿದ್ದೆನಲ್ಲ, ಆ ಗೆದ್ದಲು ನಾನೇ. ಆರನೇ ಕ್ಲಾಸಲ್ಲಿ ನೀನೊಂದು ದಿನ 'ಕತ್ತೆ ಕಾಯೋನ ಮಗಳು' ಅಂತ ಅಣಕಿಸಿದ್ರು ಅಂತ ಅಳ್ತಾ ಬಂದೆ. ನಾಳೆಯಿಂದ ಅಪ್ಪನ ಕೈಲಿ ಬಂದೂಕು ಇತ್ತು ಅಂತ ಹೇಳು ಅಂದೆ. ನಿನ್ನ ಮಲಗಿಸಿ, ಗೋಡೆಯಿಂದ ಫೋಟೊ ಇಳಿಸಿ, ಅವರ ಎದುರೇ ಕತ್ತರಿ ಹಾಕಿದೆ. ಬೈತಾರೆ ಅಂದುಕೊಂಡಿದ್ದೆ. ಪಕ್ಕಕ್ಕೆ ಬಂದು ನಿಂತು, "ಮೇಡಮ್ಮು ಕಿವಿಗೆ ತಾಗದ ಹಾಗೆ ಕತ್ತರಿಸು" ಅಂದ್ರು. ಆಮೇಲೆ ಸಾಯೋ ತನಕ ಆ ಹೆಸರು ಎತ್ತಲಿಲ್ಲ. ಚೂರನ್ನ ಅವತ್ತೇ ಎಸೆದಿದ್ದೆ, ಮೊನ್ನೆ ಅವರ ಕನ್ನಡಕದ ಡಬ್ಬೀಲಿ ಸಿಕ್ತು. ನೋಡು, ಎರಡು ಕಿವಿಯೂ ಹಾಗೇ ಇವೆ.